ಸೈಕಲ್ಲಿನ ಹಿಂದಿನ ಚಕ್ರದ ಆಕ್ಸಲ್ (ನಡುವಿನ ಅಚ್ಚು) ಎರಡನೇ ಸಲ ಮುರಿಯಿತು. ಆಕ್ಸಲ್ ಮಾತ್ರ ಹಾಕಿಸಲಾ, ಹಬ್ (ಕಡ್ಡಿಗಳು ಸೇರುವ ಚಕ್ರದ ನಡುಭಾಗ) ಪೂರ್ತಿ ಬದಲಿಸಲಾ?

ಕನಕಪುರರೋಡ್_ಸವಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನದು 21 ಗೇರಿನ ಸಾಧಾರಣ ಎಂಟಿಬಿ (ಮೌಂಟನ್ ಬೈಕ್). 26 ಇಂಚಿನ ಚಕ್ರ, ಮುಂದೆ 3 ಹಲ್ಲುಚಕ್ರ, ಹಿಂದೆ 7. ತಗೊಂಡು ನಾಲ್ಕು ವರ್ಷ ಆಯಿತು. ನನ್ನ ತೂಕ 94 ಕೆಜಿ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು ಬೇರೆ. ವಾರಕ್ಕೆ ಐದು ದಿನ ಆಫೀಸಿಗೆ ಹೋಗಿ ಬರುತ್ತೇನೆ, ದಿನಕ್ಕೆ 26 ಕಿ.ಮೀ. ತಿಂಗಳಿಗೊಂದು ಭಾನುವಾರ ನಂದಿ ಬೆಟ್ಟ. ಕಾಡುದಾರಿ, ಜಿಗಿತ ಅಂತ ಏನೂ ಇಲ್ಲ, ನಮ್ಮ ರಸ್ತೆಯ ಹಂಪುಗಳು ಮಾತ್ರ.

ಎಂಟು ತಿಂಗಳ ಹಿಂದೆ ಎದ್ದು ನಿಂತು ತುಳಿದಾಗಲೆಲ್ಲ ಹಿಂದಿನಿಂದ ಕಿರ್ ಕಿರ್ ಅಂತ ಸದ್ದು ಶುರುವಾಯಿತು. ಪೆಡಲ್ ಕಡೆಯ ಬೇರಿಂಗ್ ಇರಬೇಕು ಅಂದುಕೊಂಡು ಅದನ್ನು ಬದಲಿಸಿದೆ, ಸದ್ದು ಹೋಗಲಿಲ್ಲ. ಆಮೇಲೆ ಗೇರು ತಾನಾಗಿ ಬೀಳುವುದು, ಟೈರು ಒಂದು ಕಡೆ ಫ್ರೇಮಿಗೆ ಸವರುವುದು. ಅಂಗಡಿಗೆ ತಗೊಂಡು ಹೋದೆ. ಕ್ವಿಕ್ ರಿಲೀಸ್ (ಸ್ಪಾನರ್ ಇಲ್ಲದೆ ಚಕ್ರ ಬಿಗಿಯುವ ಹಿಡಿ) ಸಡಿಲಿಸಿ, ಟೊಳ್ಳು ಆಕ್ಸಲ್ ಒಳಗಿನ ಸಣ್ಣ ಕಂಬಿಯನ್ನು ಎಳೆದರೆ ಆಕ್ಸಲ್ ಎರಡು ತುಂಡಾಗಿ ಕೈಗೆ ಬಂತು. ಅಷ್ಟು ದಿನ ಆ ಸಣ್ಣ ಕಂಬಿಯೇ ಎಲ್ಲವನ್ನೂ ಹಿಡಿದುಕೊಂಡಿತ್ತು ಅಂತ ಗೊತ್ತಾದಾಗ ಬೆನ್ನು ತಣ್ಣಗಾಯಿತು. ಅಂಗಡಿಯವರು "ನಿಮ್ಮ ತೂಕ ಜಾಸ್ತಿ ಸಾರ್, ಅದಕ್ಕೇ" ಅಂತ ಹೇಳಿ ಹೊಸ ಆಕ್ಸಲ್ ಹಾಕಿ ಕೊಟ್ಟರು.

ಹೋದ ವಾರ ಮತ್ತೆ ಅದೇ ಕತೆ. ಈ ಸಲ ನಾನೇ ಬಿಚ್ಚಿದೆ. ಎರಡು ಸಲವೂ ಮುರಿದಿದ್ದು ಒಂದೇ ಜಾಗದಲ್ಲಿ: ಚೈನ್ ಇರುವ ಬಲಗಡೆ, ಕೋನಿನ (ಬೇರಿಂಗನ್ನು ಒತ್ತಿ ಹಿಡಿಯುವ ನಟ್ಟಿನ) ಪಕ್ಕದಲ್ಲೇ. ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಭಾಗ ಕಪ್ಪಗೆ, ನುಣ್ಣಗೆ ಇದೆ, ಕೆರೆಯಲ್ಲಿ ನೀರು ಇಳಿದ ಹಾಗೆಲ್ಲ ದಡದ ಮೇಲೆ ಗೆರೆ ಉಳಿಯುತ್ತದಲ್ಲ, ಅಂಥ ಸಣ್ಣ ಗೆರೆಗಳಿವೆ. ಉಳಿದರ್ಧ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿದೆ.

ಈಗ ಏನು ಮಾಡಲಿ? ಇನ್ನೂ ಗಟ್ಟಿಯಾದ ಆಕ್ಸಲ್ ಸಿಗುತ್ತದಾ? ಕ್ಯಾಸೆಟ್ ಇರುವ ಹಬ್ ಹಾಕಿಸಿ ಅಂತ ಒಬ್ಬರು ಹೇಳಿದರು. ನನ್ನದು ಫ್ರೀವೀಲಾ ಕ್ಯಾಸೆಟ್ಟಾ ಅಂತಲೇ ನನಗೆ ಗೊತ್ತಿಲ್ಲ. ಹಬ್ ಬದಲಿಸಿದರೆ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರಿನ ಹಿಡಿ), ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಲ್ಲ ಬದಲಿಸಬೇಕಾಗುತ್ತದಾ? ಇನ್ನೊಬ್ಬರು ಗೇರೆಲ್ಲ ಹಬ್ಬಿನ ಒಳಗೇ ಇರುವುದನ್ನು ಹಾಕಿಸಿಬಿಡಿ, ತಲೆನೋವೇ ಇರಲ್ಲ ಅಂತಾರೆ. ಈ ಸೈಕಲ್ ನನಗೆ ತುಂಬಾ ಇಷ್ಟ, ಮಾರುವ ಮನಸ್ಸಿಲ್ಲ. ಬಿಚ್ಚಿ ಜೋಡಿಸುವ ಕೆಲಸ ಮನೆಯಲ್ಲೇ ಕಲಿಯಬೇಕು ಅಂತಲೂ ಆಸೆ ಇದೆ.

ಕಡ್ಡಿಬಿಗಿ, ಮೈಸೂರು:

ಸರ್, ಮೊದಲು ಆ ತೂಕದ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. 94 ಕೆಜಿ ಸವಾರರು ಸಾವಿರಾರು ಕಿಲೋಮೀಟರ್ ಓಡಿಸುವ ಸೈಕಲ್‌ಗಳು ಬೇಕಾದಷ್ಟಿವೆ. ತೂಕ ಇದ್ದರೆ ಬೇಗ ಮುರಿಯುತ್ತದೆ, ನಿಜ. ಆದರೆ ಮುರಿಯುವ ಜಾಗವನ್ನು ಮಾಡಿಟ್ಟಿರುವುದು ಹಬ್ಬಿನ ರಚನೆ.

ನಿಮ್ಮದು ಫ್ರೀವೀಲ್ ಹಬ್ ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿ. ಹೇಗೆ ನೋಡಿಕೊಳ್ಳುವುದು ಅಂದರೆ, ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದು ಅತಿ ಚಿಕ್ಕ ಸ್ಪ್ರಾಕೆಟ್ಟಿನ (ಹಿಂದಿನ ಹಲ್ಲುಚಕ್ರದ) ನಡುವೆ ನೋಡಿ. ಅಲ್ಲಿ ಟೂಲ್ ಕೂರುವ ಹಲ್ಲುಹಲ್ಲಿನ ಉಂಗುರ ಕಾಣುತ್ತದೆ. ಈಗ ಸ್ಪ್ರಾಕೆಟ್ಟುಗಳನ್ನು ಹಿಂದಕ್ಕೆ ತಿರುಗಿಸಿ. ಆ ಉಂಗುರ ತಿರುಗದೆ ಸುಮ್ನೆ ನಿಂತಿದ್ದರೆ ಫ್ರೀವೀಲ್. ಸ್ಪ್ರಾಕೆಟ್ ಜೊತೆ ತಾನೂ ತಿರುಗಿದರೆ ಕ್ಯಾಸೆಟ್. ಅತಿ ಚಿಕ್ಕದರಲ್ಲಿ 14 ಹಲ್ಲಿದ್ದರೆ ಅದೂ ಹೆಚ್ಚಾಗಿ ಫ್ರೀವೀಲಿನ ಗುರುತು.

ಫ್ರೀವೀಲಿನಲ್ಲಿ, ತುಳಿಯುವುದು ನಿಲ್ಲಿಸಿದಾಗ ಟಿಕ್ ಟಿಕ್ ಅನ್ನುವ ಯಂತ್ರವೂ 7 ಸ್ಪ್ರಾಕೆಟ್ಟುಗಳೂ ಸೇರಿ ಒಂದೇ ಗಡ್ಡೆ. ಆ ಗಡ್ಡೆಯನ್ನು ಬಾಟಲಿಗೆ ಮುಚ್ಚಳ ಹಾಕಿದಂತೆ ಹಬ್ಬಿನ ಹೊರಗಡೆ ತಿರುಪುತ್ತಾರೆ. ಹಬ್ಬಿನ ಬಲಗಡೆಯ ಬೇರಿಂಗ್ ಮಾತ್ರ ಅದಕ್ಕಿಂತ ಒಳಗೆ, ಕಡ್ಡಿಗಳು ಕೂರುವ ಅಂಚಿನ ಹತ್ತಿರ ಉಳಿಯುತ್ತದೆ. ಅಂದರೆ ಬೇರಿಂಗಿನಿಂದ ಫ್ರೇಮಿನ ತುದಿವರೆಗೆ ಮೂರೂವರೆ ನಾಲ್ಕು ಸೆಂಟಿಮೀಟರ್ ಆಕ್ಸಲ್ ಆಸರೆ ಇಲ್ಲದೆ ನಿಂತಿರುತ್ತದೆ. ಜಗುಲಿಯ ತೊಲೆಗೆ ತುದಿಯಲ್ಲೇ ಕಂಬ ಇದ್ದರೆ ತೊಲೆ ಬಾಗುವುದಿಲ್ಲ, ಕಂಬವನ್ನು ಒಳಕ್ಕೆ ಸರಿಸಿ ತುದಿಯ ಮೇಲೆ ಭಾರ ಹೇರಿದರೆ ಬಾಗುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ಎಡಗಡೆ ಬೇರಿಂಗ್ ಫ್ರೇಮಿನ ಪಕ್ಕದಲ್ಲೇ ಇದೆ, ಅದಕ್ಕೇ ಎಡಗಡೆ ಮುರಿಯುವುದು ಅಪರೂಪ.

ಹಿಂದೆ 5 ಸ್ಪ್ರಾಕೆಟ್ ಇದ್ದ ಕಾಲದಲ್ಲಿ ಇದು ಅಷ್ಟು ದೊಡ್ಡ ತೊಂದರೆ ಆಗಿರಲಿಲ್ಲ. 6, 7 ಆಗುತ್ತಾ ಹೋದ ಹಾಗೆ ಆ ಆಸರೆ ಇಲ್ಲದ ಉದ್ದ ಬೆಳೆಯಿತು. ಶಿಮಾನೋ ಕಂಪನಿಯವರು 1978ರಲ್ಲಿ ಫ್ರೀಹಬ್ ತಂದಾಗ ಟಿಕ್ ಟಿಕ್ ಯಂತ್ರವನ್ನು ಹಬ್ಬಿನ ಭಾಗವಾಗಿಯೇ ಮಾಡಿ, ಬಲಗಡೆಯ ಬೇರಿಂಗನ್ನು ಅದರ ಹೊರತುದಿಗೆ ತಂದುಬಿಟ್ಟರು. ಕಂಬ ತುದಿಗೆ ಬಂದ ಹಾಗೆ. ಸ್ಪ್ರಾಕೆಟ್ಟುಗಳು ಬರೀ ಬಿಲ್ಲೆಗಳು, ಮೇಲಿನಿಂದ ತೂರಿಸಿ ಒಂದು ಲಾಕ್‌ರಿಂಗ್ ಬಿಗಿದರೆ ಆಯಿತು. ಅದೇ ಕ್ಯಾಸೆಟ್.

ನೀವು ಹೇಳಿದ ಮುರಿದ ಮುಖವೂ ಇದನ್ನೇ ಹೇಳುತ್ತದೆ. ಕಪ್ಪಗೆ ನುಣ್ಣಗಿರುವ ಭಾಗ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಸೀಳುತ್ತಾ ಬಂದದ್ದು. ಹೊಳೆಯುವ ಭಾಗ ಕೊನೆಯ ದಿನ ಒಂದೇ ಸಲಕ್ಕೆ ಹೋದದ್ದು. ಒಂದು ಹಂಪಿನ ಏಟಿಗೆ ಮುರಿದಿದ್ದಲ್ಲ, ಪ್ರತಿ ತುಳಿತಕ್ಕೂ ಬಾಗಿ ಬಾಗಿ ದಣಿದು ಮುರಿದಿದ್ದು. ಗಟ್ಟಿ ಆಕ್ಸಲ್ ಹಾಕಿದರೆ ಇನ್ನು ಕೆಲವು ತಿಂಗಳು ಜಾಸ್ತಿ ಬರಬಹುದು, ಅಷ್ಟೇ. ಕ್ವಿಕ್ ರಿಲೀಸಿಗಾಗಿ ಆಕ್ಸಲ್ ಟೊಳ್ಳಾಗಿದೆ, ಅದಕ್ಕೇ ಮುರಿಯಿತು ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. 10 ಮಿ.ಮೀ ಆಕ್ಸಲ್‌ನಲ್ಲಿ ನಡುವಿನ 5 ಮಿ.ಮೀ ತೂತಿನಿಂದ ಕಳೆಯುವ ಬಲ ಹತ್ತರಲ್ಲಿ ಒಂದು ಭಾಗದಷ್ಟು ಮಾತ್ರ, ಯಾಕೆಂದರೆ ಬಾಗದಂತೆ ತಡೆಯುವುದು ಹೊರಗಿನ ಲೋಹ.

ನನ್ನ ಸಲಹೆ: ಕ್ಯಾಸೆಟ್ ಹಬ್ಬಿಗೆ ಹೋಗಿ. ಅದಕ್ಕೆ ಮುಂಚೆ ಎರಡು ವಿಷಯ ನೋಡಿ. ಚಕ್ರ ತೆಗೆದು ಫ್ರೇಮಿನ ಎರಡು ತುದಿಗಳ ಒಳಗಿನ ಅಂತರವನ್ನು ಸ್ಟೀಲ್ ಸ್ಕೇಲಿನಿಂದ ಅಳೆಯಿರಿ, ಎಂಟಿಬಿ ಅಂದರೆ 135 ಮಿ.ಮೀ ಇರಬೇಕು. ಮತ್ತೆ ಆ ಎರಡು ತುದಿಗಳು ಒಂದಕ್ಕೊಂದು ನೇರವಾಗಿ ಎದುರುಬದುರು ಇವೆಯಾ ನೋಡಿ. ಒಂದು ಸ್ವಲ್ಪ ತಿರುಚಿಕೊಂಡಿದ್ದರೂ ಕ್ವಿಕ್ ರಿಲೀಸ್ ಬಿಗಿದಾಗಲೇ ಆಕ್ಸಲ್ ಬಾಗುತ್ತದೆ. ಆಗ ಯಾವ ಹಬ್ ಹಾಕಿದರೂ ಪೂರ್ತಿ ಲಾಭ ಸಿಗಲ್ಲ.

ಕನಕಪುರರೋಡ್_ಸವಾರ:

ತುಂಬಾ ಧನ್ಯವಾದ. ಜಗುಲಿಯ ಕಂಬದ ಮಾತು ಓದಿದ ಕೂಡಲೇ ಹೋಗಿ ಚಕ್ರ ನೋಡಿದೆ. ಉಂಗುರ ತಿರುಗುವುದಿಲ್ಲ, ಫ್ರೀವೀಲೇ. ಚಿಕ್ಕದು 14, ದೊಡ್ಡದು 28 ಹಲ್ಲು. ಮುಂದೆ 42-34-24. ಅಳತೆ ಸರಿಯಾಗಿ 135. ತುದಿಗಳು ನೇರ ಇವೆ ಅಂತ ಕಾಣುತ್ತದೆ. ಶಿಫ್ಟರ್ 7ರದ್ದೇ ಇರಲಿ ಅಂತ ನನ್ನ ಆಸೆ, ಆಗುತ್ತದಾ? ರಿಮ್ ಚೆನ್ನಾಗಿದೆ, ಹಬ್ ಮಾತ್ರ ತಗೊಂಡು ಅದೇ ರಿಮ್ಮಿಗೆ ಕಟ್ಟಿಸಬಹುದಾ?

ಕಡ್ಡಿಬಿಗಿ, ಮೈಸೂರು:

ಶಿಫ್ಟರ್ ಬದಲಿಸುವುದು ಬೇಡ. ಈಗ ಸಿಗುವ ಫ್ರೀಹಬ್ ಹೆಚ್ಚಾಗಿ 8, 9, 10ಕ್ಕೆ ಹೊಂದುವ ಉದ್ದದ್ದು. 7ರ ಕ್ಯಾಸೆಟ್ ಅದಕ್ಕಿಂತ ಕಿರಿದು. ಹಾಗಾಗಿ ಕ್ಯಾಸೆಟ್ಟಿನ ಹಿಂದೆ 4.5 ಮಿ.ಮೀ ದಪ್ಪದ ಸ್ಪೇಸರ್ ಉಂಗುರ ಹಾಕಿ ಕೂರಿಸಬೇಕು. ಅದಿಲ್ಲದೆ ಬಿಗಿದರೆ ಲಾಕ್‌ರಿಂಗ್ ಪೂರ್ತಿ ಕೂತ ಮೇಲೂ ಸ್ಪ್ರಾಕೆಟ್ಟುಗಳು ಲಟಲಟ ಅಲ್ಲಾಡುತ್ತವೆ. 7ರಲ್ಲಿ ಸ್ಪ್ರಾಕೆಟ್‌ನಿಂದ ಸ್ಪ್ರಾಕೆಟ್ಟಿಗೆ ಅಂತರ 5 ಮಿ.ಮೀ, 8ರಲ್ಲಿ 4.8. ಶಿಫ್ಟರ್ ಒಂದು ಸಲ ಎಳೆಯುವ ಕೇಬಲ್ ಈ ಅಂತರಕ್ಕೆ ಹೊಂದಬೇಕು, ಆದ್ದರಿಂದ 7ರ ಶಿಫ್ಟರಿಗೆ 7ರ ಕ್ಯಾಸೆಟ್ಟೇ ಹಾಕಿ.

12-32 ಹಲ್ಲಿನ ಕ್ಯಾಸೆಟ್ ತಗೊಳ್ಳಿ. ನಂದಿಯಲ್ಲಿ ನಿಮಗೆ ಈಗ ಇರುವ ಅತಿ ಹಗುರ ಗೇರು 24ಕ್ಕೆ 28 (ಮುಂದೆ 24 ಹಲ್ಲು, ಹಿಂದೆ 28). ಪೆಡಲ್ ಒಂದು ಸುತ್ತು ತಿರುಗಿದರೆ 26 ಇಂಚಿನ ಚಕ್ರ ಸುಮಾರು 1.76 ಮೀಟರ್ ಮುಂದೆ ಹೋಗುತ್ತದೆ. 24ಕ್ಕೆ 32 ಆದರೆ 1.54 ಮೀಟರ್. ಕೊನೆಯ ಕಡಿದಾದ ತಿರುವುಗಳಲ್ಲಿ ಎದ್ದು ನಿಂತು ತುಳಿಯುವ ಬದಲು ಕೂತೇ ಹತ್ತಬಹುದು. ಇಳಿಜಾರಿನಲ್ಲಿ 14ರ ಬದಲು 12 ಸಿಗುವುದು ಇನ್ನೊಂದು ಲಾಭ. ಡಿರೇಲರ್ 32 ಹಲ್ಲನ್ನು ತಾಳುತ್ತದಾ ಅಂತ ಅದರ ಹಿಂದೆ ಬರೆದ ಮಾಡೆಲ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ. ಮತ್ತೆ ಹಳೆಯ ಚೈನನ್ನು ಹೊಸ ಕ್ಯಾಸೆಟ್ಟಿಗೆ ಹಾಕಬೇಡಿ. ಒಂದು ಇಂಚಿಗೆ ಎರಡು ಕೊಂಡಿ ಲೆಕ್ಕದಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. 12ರ ಮೇಲೆ ಹದಿನಾರನೇ ಒಂದು ಇಂಚು ಉದ್ದ ಆಗಿದ್ದರೆ ಚೈನ್ ಬದಲಿಸುವ ಹೊತ್ತು, ಎಂಟನೇ ಒಂದು ಇಂಚು ಆಗಿದ್ದರೆ ಸ್ಪ್ರಾಕೆಟ್ಟೂ ಸವೆದಿರುತ್ತದೆ. 6, 7, 8 ಮೂರಕ್ಕೂ ಒಂದೇ ಅಗಲದ ಚೈನ್, ಸುಲಭವಾಗಿ ಸಿಗುತ್ತದೆ. ಉದ್ದವನ್ನು ಮುಂದೆ ದೊಡ್ಡದು ಹಿಂದೆ ದೊಡ್ಡದರ ಮೇಲೆ ಹಾಕಿ ನೋಡಿ ಕತ್ತರಿಸಿ, ಹಳೆಯದರ ಅಳತೆಗೆ ಕತ್ತರಿಸಿದರೆ ಗಿಡ್ಡ ಆಗಬಹುದು.

ರಿಮ್ ವಿಷಯ. ಹಬ್ ಬದಲಾದರೆ ಕಡ್ಡಿಯ ಉದ್ದ ಬದಲಾಗುತ್ತದೆ, ಯಾಕೆಂದರೆ ಕಡ್ಡಿ ಕೂರುವ ಅಂಚಿನ ವ್ಯಾಸ ಬೇರೆ ಇರುತ್ತದೆ. ರಿಮ್ಮಿನಲ್ಲಿ 36 ತೂತಿದ್ದರೆ ಹಬ್ಬೂ 36ರದ್ದೇ ಬೇಕು. ಹೊಸ ಹಬ್, ಹೊಸ ಕಡ್ಡಿ, ಕಟ್ಟುವ ಕೂಲಿ ಸೇರಿಸಿದರೆ ಕಟ್ಟಿಯೇ ಸಿಗುವ ಹಿಂದಿನ ಚಕ್ರದ ಬೆಲೆಯ ಹತ್ತಿರ ಬರುತ್ತದೆ. ಆದರೆ ನಿಮ್ಮ ತೂಕಕ್ಕೆ ಕೈಯಲ್ಲಿ ಕಟ್ಟಿ, ಕಡ್ಡಿಗಳನ್ನು ಒಂದೇ ಸಮ ಬಿಗಿದ 36 ಕಡ್ಡಿಯ ಚಕ್ರವನ್ನೇ ನಾನು ಒಪ್ಪುತ್ತೇನೆ. ಅಷ್ಟು ಚೆನ್ನಾಗಿ ಕಟ್ಟುವವರು ಹತ್ತಿರ ಇದ್ದರೆ ಕಟ್ಟಿಸಿ.

ಅಂಗಡಿಹುಡುಗ_ರಾಣೆಬೆನ್ನೂರು:

ಅಣ್ಣಾ, ನಮ್ಮಪ್ಪನ ಸೈಕಲ್ ಶಾಪು 30 ವರ್ಷದ್ದು, ನಾನು ಶಾಲೆ ಬಿಟ್ಟು ಬಂದ ಮೇಲೆ ದಿನಾ ಅಲ್ಲೇ ಕೂರುತ್ತಿದ್ದೆ. ಹಳೆಯ ರಿಮ್ಮಿಗೆ ಕಟ್ಟಿಸುವುದಾದರೆ ಒಂದು ಮಾತು ಮರೆಯಬೇಡಿ: ಕಡ್ಡಿ ಕತ್ತರಿಸುವ ಮುಂಚೆ ಫ್ರೀವೀಲ್ ಬಿಚ್ಚಿಬಿಡಿ. ಒಂದು ಸಲ ನಾನು ಆತುರದಲ್ಲಿ ಎಲ್ಲ ಕಡ್ಡಿ ಕತ್ತರಿಸಿ ಆಮೇಲೆ ಫ್ರೀ ಬಿಚ್ಚಲು ಹೋದೆ. ಹಿಡಿದುಕೊಳ್ಳಲು ಚಕ್ರವೇ ಇಲ್ಲ, ಬರೀ ಹಬ್ ಕೈಯಲ್ಲಿ. ಆ ಫ್ರೀ ಹೊರಗೆ ಬರಲೇ ಇಲ್ಲ. ಅವತ್ತು ಅಪ್ಪ ಬೈಯಲಿಲ್ಲ, ಪಕ್ಕಕ್ಕೆ ಕೂರಿಸಿಕೊಂಡು ಯಾಕೆ ಬರಲ್ಲ ಅಂತ ಹೇಳಿಕೊಟ್ಟರು. ನೀವು ಪೆಡಲ್ ತುಳಿದಷ್ಟೂ ಫ್ರೀವೀಲ್ ತನ್ನನ್ನು ತಾನೇ ಬಿಗಿದುಕೊಳ್ಳುತ್ತಾ ಹೋಗುತ್ತದೆ. ನಾಲ್ಕು ವರ್ಷ ತುಳಿದದ್ದನ್ನು ಬಿಡಿಸಬೇಕು ಅಂದರೆ ಚಕ್ರದ ಅಗಲವೇ ನಿಮ್ಮ ಸನ್ನೆಗೋಲು.

ಬಿಚ್ಚುವ ವಿಧಾನ ಹೇಳುತ್ತೇನೆ. ಹಿಂದಿನ ರಾತ್ರಿಯೇ ಹಬ್ ಮತ್ತು ಫ್ರೀ ಸೇರುವ ಸಂದಿಗೆ ತೆಳು ಎಣ್ಣೆ ಬಿಡಿ. ಫ್ರೀವೀಲಿನ ಹಲ್ಲಿಗೆ ಸರಿಯಾಗಿ ಕೂರುವ ರಿಮೂವರ್ ತಗೊಳ್ಳಿ, ಸುಮ್ನೆ ಹತ್ತಿರ ಹತ್ತಿರ ಇರುವುದನ್ನು ಹಾಕಿದರೆ ಹಲ್ಲು ಕಿತ್ತುಹೋಗುತ್ತದೆ. ಮುರಿದ ಆಕ್ಸಲ್ ತೆಗೆದು ಕ್ವಿಕ್ ರಿಲೀಸ್ ಕಂಬಿಯನ್ನು ತೂರಿಸಿ ರಿಮೂವರ್ ಜಾರದಂತೆ ಹಗುರವಾಗಿ ಹಿಡಿಸಿ. ರಿಮೂವರನ್ನು ಬೆಂಚಿನ ವೈಸಿನಲ್ಲಿ ಕಚ್ಚಿಸಿ. ಈಗ ಚಕ್ರ ನಿಮ್ಮ ಮುಂದೆ ಅಡ್ಡಡ್ಡ ಮಲಗಿರುತ್ತದೆ. ಲಾರಿಯ ಸ್ಟೀರಿಂಗ್ ಹಿಡಿದ ಹಾಗೆ ಎರಡು ಕೈಯಲ್ಲಿ ಟೈರು ಹಿಡಿದು ಎಡಕ್ಕೆ ತಿರುಗಿಸಿ. ಟಕ್ ಅಂತ ಸದ್ದು ಬಂದು ಬಿಡುತ್ತದೆ. ಬಿಟ್ಟ ಕೂಡಲೇ ನಿಲ್ಲಿಸಿ ಕಂಬಿ ಸಡಿಲಿಸಿ, ಇಲ್ಲದಿದ್ದರೆ ಮುಂದೆ ತಿರುಗಿಸುವಾಗ ಕಂಬಿ ಎಳೆದುಕೊಂಡು ಕೆಡುತ್ತದೆ. ಮನೆಯಲ್ಲಿ ವೈಸ್ ಇಲ್ಲದಿದ್ದರೆ ಹತ್ತಿರದ ವೆಲ್ಡಿಂಗ್ ಶಾಪಿಗೆ ಹೋಗಿ, ಎರಡು ನಿಮಿಷದ ಕೆಲಸ, ಕೇಳಿದರೆ ಮಾಡಲು ಬಿಡುತ್ತಾರೆ.

ಇನ್ನೊಂದು, ಹೊಸ ಹಬ್ ಬಂದ ಮೇಲೆ ಹಾಗೇ ಹಾಕಬೇಡಿ. ಕಡಿಮೆ ಬೆಲೆಯ ಹಬ್ಬುಗಳು ಬರುವಾಗಲೇ ಕೋನ್ ಬಿಗಿಯಾಗಿರುತ್ತದೆ, ಗ್ರೀಸು ಹೆಸರಿಗಷ್ಟೇ ಇರುತ್ತದೆ. ಆಕ್ಸಲ್ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಬೆಣ್ಣೆಯಲ್ಲಿ ತಿರುಗಿದ ಹಾಗೆ ಇರಬೇಕು. ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಕೋನ್ ಬಿಗಿ ಜಾಸ್ತಿ ಅಂತ ಅರ್ಥ. ಹಿಂದಿನ ಹಬ್ಬಿಗೆ ಸಾಮಾನ್ಯವಾಗಿ 15ರ ಕೋನ್ ಸ್ಪಾನರ್, ಲಾಕ್‌ನಟ್ಟಿಗೆ 17. ಮುಂದಿನದಕ್ಕೆ 13. ಕೋನ್ ಸ್ಪಾನರ್ ಅಂದರೆ ತೆಳ್ಳಗಿರುವುದು, ಮಾಮೂಲಿ ಸ್ಪಾನರ್ ಆ ಸಂದಿಗೆ ಹೋಗುವುದಿಲ್ಲ. ಬಲಗಡೆಯ ಕೋನ್ ಮುಟ್ಟಬೇಡಿ, ಅದು ಲಾಕ್ ಆಗಿಯೇ ಇರಲಿ. ಎಡಗಡೆ ಮಾತ್ರ ಸರಿಮಾಡಿ.

ಇಲ್ಲಿ ಎಲ್ಲರೂ ತಪ್ಪುವ ಒಂದು ಜಾಗ ಇದೆ. ಕ್ವಿಕ್ ರಿಲೀಸ್ ಇರುವ ಚಕ್ರದಲ್ಲಿ ಕೋನನ್ನು ಆಟ (ಅಲ್ಲಾಟ) ಪೂರ್ತಿ ಹೋಗುವಷ್ಟು ಬಿಗಿಯಬಾರದು. ಕೂದಲೆಳೆಯಷ್ಟು ಆಟ ಬಿಡಬೇಕು. ಕ್ವಿಕ್ ರಿಲೀಸ್ ಮುಚ್ಚಿದಾಗ ಅದು ಆಕ್ಸಲನ್ನು ಎರಡೂ ಕಡೆಯಿಂದ ಒತ್ತುತ್ತದೆ, ಆ ಒತ್ತಡಕ್ಕೆ ಉಳಿದ ಆಟ ತಾನಾಗಿ ಹೋಗುತ್ತದೆ. ಸೈಕಲ್ಲಿಗೆ ಹಾಕಿ, ಮುಚ್ಚಿ, ರಿಮ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಆಟ ಇರಬಾರದು, ಕರಕರವೂ ಇರಬಾರದು. ನಮ್ಮಪ್ಪ ಒಂದು ಚಕ್ರಕ್ಕೆ ಮೂರ್ನಾಲ್ಕು ಸಲ ಬಿಚ್ಚಿ ಹಾಕಿ ನೋಡುತ್ತಿದ್ದರು, ಬೇಸರವೇ ಇರುತ್ತಿರಲಿಲ್ಲ.

ಮಳೆಗಾಲದ_ಗಾಲಿ, ಮಂಗಳೂರು:

ರಾಣೆಬೆನ್ನೂರಿನವರು ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಬ್ ಒಣಗುವುದೇ ಇಲ್ಲ. ಒಂದು ಮಳೆಗಾಲ ಮುಗಿಸಿ ಬಿಚ್ಚಿದರೆ ಒಳಗಿನ ಗ್ರೀಸು ಗಂಜಿ ತಿಳಿಯ ಹಾಗೆ ಬೆಳ್ಳಗಾಗಿರುತ್ತದೆ. ಅದು ನೀರು ಸೇರಿದ ಗುರುತು. ಆ ಸ್ಥಿತಿಯಲ್ಲಿ ಇನ್ನೆರಡು ತಿಂಗಳು ಓಡಿಸಿದರೆ ಕೋನಿನ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಬೆರಳ ಉಗುರನ್ನು ಕೋನಿನ ಹೊಳೆಯುವ ದಾರಿಯ ಮೇಲೆ ನಿಧಾನ ಎಳೆದು ನೋಡಿ, ಎಲ್ಲಾದರೂ ಸಿಕ್ಕಿಕೊಂಡರೆ ಕೋನ್ ಬದಲಿಸಿ. ಕೋನ್ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಹಬ್ಬಿನೊಳಗೆ ಬೇರಿಂಗಿನ ಗುಂಡುಗಳು ಕೂರುವ ಕಪ್ಪಿಗೆ (ಬಟ್ಟಲಿಗೆ) ಗುಳಿ ಬಿದ್ದರೆ ಹೆಚ್ಚಿನ ಹಬ್ಬುಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ, ಹಬ್ಬೇ ಹೋದ ಲೆಕ್ಕ.

ಗುಂಡುಗಳನ್ನು ಪ್ರತಿ ಸಲ ಹೊಸದೇ ಹಾಕಿ. ಹಿಂದಿನ ಹಬ್ಬಿಗೆ ಕಾಲಿಂಚಿನ ಗುಂಡು, ಒಂದು ಕಡೆಗೆ 9. ಮುಂದಿನದಕ್ಕೆ 3/16 ಇಂಚಿನದು, ಹೆಚ್ಚಾಗಿ ಒಂದು ಕಡೆಗೆ 10. ಬಿಚ್ಚುವಾಗ ಕೆಳಗೆ ಹಳೆಯ ಬಿಳಿ ಪಂಚೆ ಹಾಸಿಕೊಳ್ಳಿ, ಕೆಂಪು ನೆಲದ ಮೇಲೆ ಉರುಳಿದ ಗುಂಡು ಸಿಗುವುದು ಕಷ್ಟ. ಹಳೆಯ ಗ್ರೀಸು ತೆಗೆಯಲು ಡೀಸೆಲ್ ಸಾಕು, ಆಮೇಲೆ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ನಾನು ಬೋಟಿನವರು ಬಳಸುವ, ನೀರಿಗೆ ಬಿಟ್ಟುಹೋಗದ ಗ್ರೀಸು ಹಾಕುತ್ತೇನೆ. ಕಪ್ಪಿನ ತುಂಬ ಹಾಕಿ, ಕೋನ್ ಬಿಗಿದಾಗ ಸ್ವಲ್ಪ ಹೊರಗೆ ಉಕ್ಕಬೇಕು. ಹಾಗೆ ಉಕ್ಕಿದ ಗ್ರೀಸೇ ನೀರಿಗೆ ಅಡ್ಡ ನಿಲ್ಲುತ್ತದೆ.

ಆದರೆ ಈ ದಪ್ಪ ಗ್ರೀಸನ್ನು ಫ್ರೀಹಬ್ಬಿನ ಒಳಗೆ ಮಾತ್ರ ತುಂಬಬೇಡಿ. ಅಲ್ಲಿ ಪುಟ್ಟ ಕೊಕ್ಕೆಗಳಿವೆ, ಕೂದಲಿನಷ್ಟು ತೆಳು ಸ್ಪ್ರಿಂಗ್ ಅವನ್ನು ಎತ್ತಿ ಹಲ್ಲಿಗೆ ಸಿಕ್ಕಿಸುತ್ತದೆ. ದಪ್ಪ ಗ್ರೀಸು ಮೆತ್ತಿಕೊಂಡರೆ ಕೊಕ್ಕೆ ಏಳುವುದಿಲ್ಲ, ನೀವು ಜೋರಾಗಿ ತುಳಿದಾಗ ಪೆಡಲ್ ಸುಮ್ನೆ ಜಾರಿಬಿಡುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಮುಖ ಹ್ಯಾಂಡಲ್‌ಗೆ ಹೊಡೆಯುತ್ತದೆ, ನನ್ನ ಗೆಳೆಯನಿಗೆ ಆಗಿದೆ, ಎರಡು ಹೊಲಿಗೆ ಬಿತ್ತು. ಒಳಗೆ ತೆಳು ಎಣ್ಣೆ ಮಾತ್ರ. ಸರ್ವಿಸ್ ಸ್ಟೇಷನ್‌ನಲ್ಲಿ ಜೋರು ನೀರಿನ ಪೈಪು ಹಬ್ಬಿನ ಹತ್ತಿರ ತರಲು ಬಿಡಬೇಡಿ, ಅದು ಸೀಲನ್ನು ದಾಟಿ ಒಳಗೆ ಹೋಗುತ್ತದೆ.

ಉಟ್ರೆಕ್ಟ್_ಕನ್ನಡಿಗ:

ಹಬ್ಬಿನೊಳಗಿನ ಗೇರಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನಾನು ಹಾಸನದವನು, ಎಂಟು ವರ್ಷದಿಂದ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದೇನೆ. ನಮ್ಮ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ ಇದೆ. ಅಲ್ಲಿ ಸಾಲು ಸಾಲಾಗಿ ನಡೆದು ಹೋದರೆ ಡಿರೇಲರ್ ಇರುವ ಸೈಕಲ್‌ಗಿಂತ ಇಂಥ ಹಬ್ಬಿನವೇ ಕಣ್ಣಿಗೆ ಜಾಸ್ತಿ ಬೀಳುತ್ತವೆ. ಚೈನ್ ಪೂರ್ತಿ ಡಬ್ಬಿಯೊಳಗೆ, ಮಳೆಯಲ್ಲಿ ವರ್ಷಗಟ್ಟಲೆ ನಿಂತರೂ ಏನೂ ಆಗುವುದಿಲ್ಲ.

ಒಳಗೆ ಏನಿದೆ ಅಂದರೆ, ನಡುವೆ ಆಕ್ಸಲ್‌ಗೇ ಅಂಟಿಕೊಂಡ, ತಿರುಗದ ಒಂದು ಹಲ್ಲುಚಕ್ರ. ಅದರ ಸುತ್ತ ಓಡುವ ಪುಟ್ಟ ಚಕ್ರಗಳು. ಅವೆಲ್ಲವನ್ನೂ ಸುತ್ತುವರಿದ ದೊಡ್ಡ ಉಂಗುರ, ಅದಕ್ಕೆ ಒಳಗಡೆ ಹಲ್ಲು. 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾದ ಸ್ಟರ್ಮಿ ಆರ್ಚರ್‌ನವರ ಮೂರು ಗೇರಿನ ಹಬ್ ಇದಕ್ಕೆ ಒಳ್ಳೆ ಉದಾಹರಣೆ. ಅವರ ಎ.ಡಬ್ಲ್ಯೂ (AW) ಮಾಡೆಲ್ ಹಬ್ಬಿನಲ್ಲಿ ನಡುವಿನದಕ್ಕೆ 20 ಹಲ್ಲು, ಉಂಗುರಕ್ಕೆ 60. 60ಕ್ಕೆ 20 ಅಂದರೆ ಮೂರನೇ ಒಂದು ಭಾಗ. ಹಾಗಾಗಿ ಮೇಲಿನ ಗೇರಿನಲ್ಲಿ ಚಕ್ರ ಮೂರನೇ ಒಂದು ಭಾಗ ಜಾಸ್ತಿ ಸುತ್ತುತ್ತದೆ, ಕೆಳಗಿನ ಗೇರಿನಲ್ಲಿ ಅದನ್ನೇ ತಿರುಗಿಸಿ ಹಾಕಿದಂತೆ 75%. ನಡುವಿನ ಗೇರಿನಲ್ಲಿ ಏನೂ ಕೆಲಸ ಮಾಡದೆ ನೇರ ಹೋಗುತ್ತದೆ. ಒಂದು ಹಳೆಯ ಹಬ್ ಬಿಚ್ಚಿ ಮೇಜಿನ ಮೇಲೆ ಹರಡಿದಾಗ ನನಗೆ ಇದು ಅರ್ಥವಾಯಿತು, ಆ ರಾತ್ರಿ ನಿದ್ದೆಯೇ ಬರಲಿಲ್ಲ, ಅಷ್ಟು ಚೆಂದ ಇದೆ.

ದೊಡ್ಡ ಲಾಭ ಅಂದರೆ ನಿಂತಲ್ಲೇ ಗೇರು ಬದಲಿಸಬಹುದು. ಸಿಗ್ನಲ್ಲಿನಲ್ಲಿ ಭಾರದ ಗೇರಿನಲ್ಲಿ ನಿಂತುಬಿಟ್ಟರೂ ಹ್ಯಾಂಡಲ್ ಹಿಡಿ ತಿರುಗಿಸಿ ಹಗುರ ಮಾಡಿಕೊಂಡು ಹೊರಡಬಹುದು. ಬೆಂಗಳೂರಿನ ಟ್ರಾಫಿಕ್ಕಿಗೆ ಇದು ವರ. ಕಷ್ಟ ಅಂದರೆ ಪಂಕ್ಚರ್. ಹಿಂದಿನ ಚಕ್ರ ತೆಗೆಯಲು ಗೇರಿನ ಕೇಬಲ್ ಬಿಡಿಸಿ, ನಟ್ಟು ಬಿಚ್ಚಿ, ಆಕ್ಸಲ್ ತಿರುಗದಂತೆ ತಡೆಯುವ ವಾಷರುಗಳನ್ನು ಯಾವುದು ಯಾವ ಕಡೆ ಅಂತ ನೆನಪಿಟ್ಟುಕೊಳ್ಳಬೇಕು. ಇಲ್ಲಿ ಎಲ್ಲರೂ ಚಕ್ರ ತೆಗೆಯದೆ, ಟೈರಿನ ಒಂದು ಪಕ್ಕ ಬಿಚ್ಚಿ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕುತ್ತಾರೆ. ಮತ್ತೆ ನಿಮ್ಮಂಥ ಎಂಟಿಬಿ ಫ್ರೇಮಿನಲ್ಲಿ ಚಕ್ರವನ್ನು ಹಿಂದೆ ಮುಂದೆ ಸರಿಸಲು ಬರುವುದಿಲ್ಲ, ಹಾಗಾಗಿ ಚೈನ್ ಬಿಗಿಮಾಡುವ ಬೇರೆ ಒಂದು ಭಾಗ ಬೇಕು.

ಕಡ್ಡಿಬಿಗಿ, ಮೈಸೂರು:

ಉಟ್ರೆಕ್ಟಿನವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೂ ಈ ಪ್ರಶ್ನೆ ಕೇಳಿದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ, ಕಾರಣ ನಂದಿ ಬೆಟ್ಟ. ಉದಾಹರಣೆಗೆ ಶಿಮಾನೋ ನೆಕ್ಸಸ್ 8 ಅನ್ನುವ ಎಂಟು ಗೇರಿನ ಹಬ್ಬನ್ನೇ ನೋಡಿ. ಅದರ ಅತಿ ಹಗುರ ಗೇರು 0.527 (ಹಿಂದಿನ ಸ್ಪ್ರಾಕೆಟ್ ಒಂದು ಸುತ್ತಿಗೆ ಚಕ್ರ ಅಷ್ಟು ಸುತ್ತು), ಅತಿ ಭಾರದ್ದು 1.615. ಅಂದರೆ ಒಟ್ಟು ವ್ಯಾಪ್ತಿ 307%, ಒಂದು 11-34 ಕ್ಯಾಸೆಟ್ಟಿನಷ್ಟೇ. ಮುಂದಿನ ಹಲ್ಲು ಹಿಂದಿನದರ ಎರಡು ಪಟ್ಟು ಇಟ್ಟುಕೊಂಡರೆ ಅತಿ ಹಗುರದಲ್ಲಿ ಪೆಡಲ್ ಒಂದು ಸುತ್ತಿಗೆ ಚಕ್ರ 1.05 ಸುತ್ತು. ಈಗಿನ 24ಕ್ಕೆ 28ರಲ್ಲಿ ಅದು 0.86. ಅಂದರೆ ಬೆಟ್ಟದಲ್ಲಿ ಈಗಿರುವುದಕ್ಕಿಂತ ಸುಮಾರು ಶೇ. 23ರಷ್ಟು ಭಾರ. ಇನ್ನೂ ಹಗುರ ಬೇಕು ಅಂತ ಮುಂದೆ ಚಿಕ್ಕ ಚಕ್ರ ಹಾಕಿದರೆ ಹಬ್ಬಿನ ಒಳಗಿನ ಹಲ್ಲುಗಳ ಮೇಲೆ ಬೀಳುವ ಒತ್ತಡ ಏರುತ್ತದೆ, ಕಂಪನಿ ಹೇಳಿದ ಮಿತಿಗಿಂತ ಕೆಳಗೆ ಹೋಗಬಾರದು. 94 ಕೆಜಿ ಇರುವವರು ಆ ಮಿತಿಯ ಜೊತೆ ಆಟ ಆಡುವುದು ನನಗೆ ಇಷ್ಟವಿಲ್ಲ. ಜರ್ಮನಿಯ ರೋಹ್ಲೋಫ್ 14 ಗೇರಿನ ಹಬ್ 526% ಕೊಡುತ್ತದೆ, ಬೆಟ್ಟಕ್ಕೂ ಸಾಕು, ಆದರೆ ಅದರ ಬೆಲೆಗೆ ಇಂಥ ಹಲವು ಸೈಕಲ್ ಬರುತ್ತವೆ. ಆಫೀಸಿಗೆ ಮಾತ್ರ ಓಡಿಸುವುದಾಗಿದ್ದರೆ ನಾನೂ ಹಬ್ ಗೇರಿಗೇ ಕೈ ಎತ್ತುತ್ತಿದ್ದೆ.

ಉಟ್ರೆಕ್ಟ್_ಕನ್ನಡಿಗ:

ಒಪ್ಪಿದೆ. ಈ ಊರಿನಲ್ಲಿ ಬೆಟ್ಟ ಅಂದರೆ ಸೇತುವೆಯ ಏರು ಅಷ್ಟೇ. ನಂದಿಯನ್ನು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ.

ಕನಕಪುರರೋಡ್_ಸವಾರ:

ಐದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

36 ತೂತಿನ ಫ್ರೀಹಬ್ ಸಿಕ್ಕಿತು. ವೆಲ್ಡಿಂಗ್ ಶಾಪಿನ ವೈಸಿನಲ್ಲಿ ಫ್ರೀವೀಲ್ ಬಿಚ್ಚಿದೆ. ಮೊದಲ ಸಲ ಎಷ್ಟು ಒತ್ತಿದರೂ ಅಲ್ಲಾಡಲಿಲ್ಲ, ಅಂಗಡಿಯ ಹುಡುಗ ಎದುರಿನಿಂದ ಕೈ ಕೊಟ್ಟ, ಇಬ್ಬರೂ ಸೇರಿ ತಿರುಗಿಸಿದಾಗ ಟಕ್ ಅಂತು. ಅದೇ ಸದ್ದು. ಆಮೇಲೆ ಕಡ್ಡಿ ಕತ್ತರಿಸಿದ್ದು. ಚಕ್ರವನ್ನು ನಮ್ಮ ಬಡಾವಣೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಕಟ್ಟಿಕೊಟ್ಟರು. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಂಡಿ, ಬೆರಳಿನಿಂದ ಮೀಟಿ, ಸ್ವರ ಕೇಳಿ ಬಿಗಿ ಸರಿಮಾಡುತ್ತಿದ್ದರು. ಒಂದೂವರೆ ಗಂಟೆ ಪಕ್ಕದಲ್ಲೇ ಕೂತು ನೋಡಿದೆ.

ಹೊಸ ಹಬ್ ನಿಜವಾಗಿಯೂ ಬಿಗಿಯಾಗೇ ಇತ್ತು. ಎಡಗಡೆಯ ಕೋನ್ ಐದು ಸಲ ಸರಿಮಾಡಬೇಕಾಯಿತು. ಐದನೇ ಸಲ ಕೈಯಲ್ಲಿ ಸಣ್ಣ ಆಟ, ಸೈಕಲ್ಲಿಗೆ ಹಾಕಿ ಮುಚ್ಚಿದರೆ ಆಟ ಮಾಯ. ಚಕ್ರ ಎತ್ತಿ ಬಿಟ್ಟರೆ ವಾಲ್ವಿನ ಭಾರಕ್ಕೆ ತಾನೇ ನಿಧಾನ ತೂಗಿ ತೂಗಿ ವಾಲ್ವ್ ಕೆಳಗೆ ಬಂದು ನಿಂತಿತು. ಮಗಳನ್ನು ಕರೆದು ತೋರಿಸಿದೆ. 4.5ರ ಸ್ಪೇಸರ್ ಹಾಕಿ 12-32 ಕೂರಿಸಿ ಲಾಕ್‌ರಿಂಗ್ ಬಿಗಿದೆ. ಲಾಕ್‌ರಿಂಗ್ ಮೇಲೆಯೇ 40 ಎನ್‌ಎಂ (ನ್ಯೂಟನ್ ಮೀಟರ್, ಬಿಗಿಯ ಅಳತೆ) ಅಂತ ಕೆತ್ತಿದ್ದಾರೆ, ಗೆಳೆಯನ ಟಾರ್ಕ್ ರೆಂಚ್ ತಂದು ಅಷ್ಟಕ್ಕೇ ಬಿಗಿದೆ. ಕೊನೆಗೆ ಕಟಕಟ ಅಂತ ಸದ್ದು ಬಂತು, ಮೊದಲು ಗಾಬರಿಯಾಯಿತು, ಆಮೇಲೆ ನೋಡಿದರೆ ಲಾಕ್‌ರಿಂಗಿನ ಒಳಗೇ ಸಣ್ಣ ಗೀರುಗಳಿವೆ, ಸಡಿಲ ಆಗದಿರಲಿ ಅಂತ.

ಹೋದ ಭಾನುವಾರ ನಂದಿ. ಕೊನೆಯ ತಿರುವುಗಳನ್ನು 24ಕ್ಕೆ 32ರಲ್ಲಿ ಕೂತೇ ಹತ್ತಿದೆ. ಕಿರ್ ಕಿರ್ ಇಲ್ಲ, ಟೈರು ಎಲ್ಲೂ ಸವರಲಿಲ್ಲ.

ಒಂದೇ ಒಂದು ಉಳಿದಿದೆ. ಹಿಂದೆ ಚಿಕ್ಕದರಿಂದ ಎರಡನೆಯ ಸ್ಪ್ರಾಕೆಟ್ಟಿನಲ್ಲಿ ಇದ್ದಾಗ ಸಣ್ಣಗೆ ಚರಚರ ಅನ್ನುತ್ತದೆ, ಗೇರು ಬೀಳುವುದಿಲ್ಲ. ಮೂರನೆಯದಕ್ಕೆ ಏರುವಾಗಲೂ ಒಂದು ಕ್ಷಣ ತಡೆಯುತ್ತದೆ. ಡಿರೇಲರ್ ಮೇಲಿನ ಎಚ್, ಎಲ್ ಸ್ಕ್ರೂ ತಿರುಗಿಸಲಾ?

ಅಂಗಡಿಹುಡುಗ_ರಾಣೆಬೆನ್ನೂರು:

ಆ ಸ್ಕ್ರೂ ಮುಟ್ಟಬೇಡಿ ಅಣ್ಣಾ, ಅವು ಎರಡು ಕೊನೆಗಳನ್ನು ಕಾಯುವುದಕ್ಕೆ ಮಾತ್ರ. ದೊಡ್ಡದಕ್ಕೆ ಏರಲು ತಡ ಮಾಡುತ್ತದೆ ಅಂದರೆ ಕೇಬಲ್ ಸ್ವಲ್ಪ ಸಡಿಲ. ಹೊಸ ಕೇಬಲ್ ಆಗಿದ್ದರೆ ಮೊದಲ ವಾರಗಳಲ್ಲಿ ಹೀಗೇ ಆಗುತ್ತದೆ. ಡಿರೇಲರ್‌ಗೆ ಕೇಬಲ್ ಹೋಗುವ ಜಾಗದಲ್ಲಿ ತಿರುಗುವ ಪ್ಲಾಸ್ಟಿಕ್ ಗುಂಡಿ ಇದೆಯಲ್ಲ, ಹಿಂದಿನಿಂದ ನೋಡುತ್ತಾ ಅದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಪೆಡಲ್ ತಿರುಗಿಸಿ ಕೇಳಿ. ಸದ್ದು ಇದ್ದರೆ ಇನ್ನೊಂದು ಕಾಲು ಸುತ್ತು.

ಕನಕಪುರರೋಡ್_ಸವಾರ:

ಕಾಲು ಸುತ್ತಿಗೇ ಹೋಯಿತು. ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ.